ನಮ್ಮ ಬಾಯಿಗೆ ಒಗ್ಗುವ ಅಡುಗೆ ಪುಸ್ತಕ ಹುಡುಕೋದು ಹೇಗೆ? (ಇಳಕಲ್ ನಾಲಿಗೆ, ಮೈಸೂರು ವಾಸ)

ಗುರೆಳ್ಳುಪುಡಿ:

ಎಲ್ಲರಿಗೂ ನಮಸ್ಕಾರ. ನನ್ನ ತವರು ಇಳಕಲ್. ಮದುವೆಯಾಗಿ ಈಗ ಮೈಸೂರಲ್ಲಿದ್ದೇನೆ. ಇಲ್ಲಿಯ ಊಟ ಸೇರಲ್ಲ ಅಂತಲ್ಲ. ಅತ್ತೆ ಮಾಡುವ ಬಸ್ಸಾರು, ಹಿತಕಿದ ಬೇಳೆ ಸಾರು ಎರಡನೇ ಸಲ ಬಡಿಸಿಕೊಂಡು ತಿನ್ನುತ್ತೇನೆ. ಆದರೆ ನಡುನಡುವೆ ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಆಗಲ್ಲ.

ಅವ್ವನನ್ನೇ ಕೇಳು ಅಂತ ದಯವಿಟ್ಟು ಹೇಳಬೇಡಿ. ಕೇಳಿದರೆ, "ಎಷ್ಟ್ ಬೇಕೋ ಅಷ್ಟ್ ಹಾಕು, ಕೈಗೆ ಗೊತ್ತಾಗ್ತೈತಿ" ಅನ್ನುತ್ತಾಳೆ. ನನ್ನ ಕೈಗೆ ಇನ್ನೂ ಗೊತ್ತಾಗಿಲ್ಲ. ಅಲ್ಲದೆ ಅಜ್ಜಿ ಮಾಡುತ್ತಿದ್ದ ಕೆಲವು ಅಡುಗೆ ಅವ್ವನಿಗೂ ಬರಲ್ಲ. ಚಳಿಗಾಲದ ಕರಿಂಡಿ ಅದರಲ್ಲೊಂದು.

ಈಚೆಗೆ ಇಡೀ ಕರ್ನಾಟಕದ ಅಡುಗೆ ಅಂತ ಹೇಳಿಕೊಳ್ಳುವ ಒಂದು ದಪ್ಪ ಪುಸ್ತಕ ತಗೊಂಡೆ. ಹೆಸರು ಬೇಡ. ಬಣ್ಣದ ಫೋಟೋ, ನುಣುಪು ಕಾಗದ, ಬೆಲೆಯೂ ಜೋರು. ಅದರಲ್ಲಿ ಉತ್ತರ ಕರ್ನಾಟಕಕ್ಕೆ ಅಂತ ಕೊನೆಯಲ್ಲಿ ನಾಲ್ಕಾರು ಪುಟ. ಎಣ್ಣೆ ಬದನೆಕಾಯಿಗೆ ಹಸಿ ತೆಂಗಿನಕಾಯಿ, ಚಕ್ಕೆ, ಲವಂಗ. ಗುರೆಳ್ಳು (ನಿಮ್ಮ ಕಡೆಯ ಹುಚ್ಚೆಳ್ಳು) ಇಲ್ಲ, ಶೇಂಗಾ ಇಲ್ಲ. ಬೆಲ್ಲ ಮಾತ್ರ ನಿಂಬೆಹಣ್ಣಿನ ಗಾತ್ರ! ಬೆಲ್ಲ ನಾವೂ ಹಾಕುತ್ತೇವೆ, ಇಲ್ಲ ಅನ್ನಲ್ಲ. ಆದರೆ ಹುಳಿ ಖಾರ ಹೊಂದಿಕೊಳ್ಳಲಿ ಅಂತ ಒಂದು ಚೂರು, ಅಷ್ಟೇ. ಜೋಳದ ರೊಟ್ಟಿಯಂತೂ ಕೇಳಲೇಬೇಡಿ. ಲಟ್ಟಿಸಲು ಸುಲಭವಾಗಲಿ ಅಂತ ಗೋಧಿ ಹಿಟ್ಟು ಸೇರಿಸಬೇಕಂತೆ. ಅವ್ವನಿಗೆ ಫೋನಲ್ಲಿ ಓದಿ ಹೇಳಿದೆ. ಅವಳು ನಕ್ಕಿದ್ದು ಅಲ್ಲಿ ಪಕ್ಕದ ಮನೆಗೂ ಕೇಳಿರಬೇಕು.

ಪುಸ್ತಕ ಕೊಳ್ಳುವ ಮೊದಲೇ ಇದು ನಮ್ಮ ಬಾಯಿಗೆ ಆಗುತ್ತೋ ಇಲ್ಲವೋ ಅಂತ ತಿಳಿಯಲು ಏನಾದರೂ ದಾರಿ ಇದೆಯಾ? ನಮ್ಮ ಕಡೆಯವರೇ, ನಿಜವಾಗಿ ಒಲೆ ಮುಂದೆ ಕೂತು ಅಡುಗೆ ಮಾಡಿದವರು ಬರೆದ ಪುಸ್ತಕ ಎಲ್ಲಿ ಸಿಗುತ್ತದೆ? ದೊಡ್ಡ ಅಂಗಡಿಗಳಲ್ಲಿ ನೋಡಿದೆ. ಎಲ್ಲಾ ಬೆಂಗಳೂರು, ಮೈಸೂರು, ಉಡುಪಿ.

ಅಪ್ಪೆಹುಳಿ:

ತಂಗೀ, ನಾನು ಶಿರಸಿಯವಳು, ಸಂಸಾರ ಹುಬ್ಬಳ್ಳಿಯಲ್ಲಿ. ನಿಮಗೆ ಖಾರ ಸಾಲಲ್ಲ, ನನಗೆ ಇಲ್ಲಿಯ ಖಾರ ತಡೆಯಲ್ಲ. ಕಷ್ಟ ಒಂದೇ!

ಅಂಗಡಿಯಲ್ಲಿ ನಿಂತಾಗ ಹೊಸ ಅಡುಗೆಯ ಪುಟ ತೆಗೆಯಲೇಬೇಡಿ. ಹೊಸದು ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ, ತಪ್ಪು ಹಿಡಿಯಲು ನಮಗೆ ಬರಲ್ಲ. ನಿಮಗೆ ಕಣ್ಣುಮುಚ್ಚಿ ಮಾಡಲು ಬರುವ ಎರಡು ಮೂರು ಅಡುಗೆ ಹುಡುಕಿ ಓದಿ. ನೀವು ಬದನೆಕಾಯಿ, ರೊಟ್ಟಿ ನೋಡಿದ್ದು ಸರಿಯಾಗೇ ಇದೆ. ಅದನ್ನು ದುಡ್ಡು ಕೊಡುವ ಮೊದಲು ನೋಡಬೇಕಿತ್ತು ಅಷ್ಟೇ.

ನಾನು ಮೊದಲು ನೋಡೋದು ಹುಳಿ. ನಮ್ಮ ಘಟ್ಟದಲ್ಲಿ ಒಂದೊಂದು ಅಡುಗೆಗೆ ಒಂದೊಂದು ಹುಳಿ. ಅಪ್ಪೆಮಿಡಿ, ಮುರುಗಲು, ವಾಟೆ, ಉಪ್ಪಾಗೆ, ಮಜ್ಜಿಗೆ, ನಿಂಬೆ. ಎಲ್ಲದಕ್ಕೂ ಹುಣಸೆಹಣ್ಣು ಅಂತ ಬರೆದಿದ್ದರೆ ಆ ಪುಸ್ತಕ ನಮ್ಮ ಅಡುಗೆ ಮನೆಯಿಂದ ಹೊರಟಿದ್ದಲ್ಲ. ಕೊಡಗಿನ ಪುಸ್ತಕವಾದರೆ ಕಾಚಂಪುಳಿ ಇದೆಯಾ ನೋಡಿ. ನಮ್ಮ ಉಪ್ಪಾಗೆಯೇ ಅಲ್ಲಿ ಕಾಚಂಪುಳಿ ಆಗೋದು. ಹಣ್ಣಿನ ರಸ ಇಳಿಸಿ, ಕಪ್ಪಗೆ ಮಂದವಾಗುವವರೆಗೆ ಕುದಿಸುತ್ತಾರೆ. ಪಂದಿ ಕರಿಗೆ ಅದು ಬಿಟ್ಟು ಸುಮ್ನೆ ಹುಣಸೆ ಹಾಕಿ ಅಂದವರು ಕೊಡಗಿನ ಮನೆಯಲ್ಲಿ ಉಂಡವರಲ್ಲ. ಕಾಚಂಪುಳಿ ಸಿಗದಿದ್ದರೆ ಇಂಥದ್ದು ಹಾಕಿ, ರುಚಿ ಹೀಗೆ ಬದಲಾಗುತ್ತದೆ ಅಂತ ಬರೆದಿದ್ದರೆ ಬೇರೆ ಮಾತು. ಅಂಥವರನ್ನು ನಾನು ನಂಬುತ್ತೇನೆ.

ಆಮೇಲೆ ಮೆಣಸಿನಕಾಯಿ. "ಕೆಂಪು ಮೆಣಸಿನಕಾಯಿ 8" ಅಂತ ಬರೆದಿದ್ದರೆ ಅದರಿಂದ ಏನೂ ತಿಳಿಯಲ್ಲ. ಬ್ಯಾಡಗಿ ಎಂಟು ಹಾಕಿದರೆ ಬಣ್ಣ ಬರುತ್ತದೆ, ಗುಂಟೂರು ಎಂಟು ಹಾಕಿದರೆ ಕಣ್ಣಲ್ಲಿ ನೀರು ಬರುತ್ತದೆ. ಬ್ಯಾಡಗಿಗೆ 2011ರಲ್ಲಿ ಜಿಐ ಗುರುತು ಸಿಕ್ಕಿದ ಮೇಲೆ ಹೆಸರು ಎಲ್ಲರ ಬಾಯಲ್ಲೂ ಇದೆ. ಆದರೆ ಬರೆಯುವವರು ಬ್ಯಾಡಗಿ ಎಷ್ಟು, ಖಾರದ್ದು ಎಷ್ಟು ಅಂತ ಬಿಡಿಸಿ ಹೇಳಿದ್ದಾರಾ ನೋಡಿ. ಬ್ಯಾಡಗಿಯಲ್ಲೇ ಡಬ್ಬಿ ತಳಿಯೋ ಕಡ್ಡಿ ತಳಿಯೋ ಅಂತಲೂ ಹೇಳಿದ್ದರೆ ಕಣ್ಣುಮುಚ್ಚಿ ತಗೊಳ್ಳಿ.

ರೊಟ್ಟಿಯ ವಿಷಯ ಹುಬ್ಬಳ್ಳಿಗೆ ಬಂದ ಮೇಲೆ ಪಕ್ಕದ ಮನೆಯವರಿಂದ ಕಲಿತೆ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟು ಅರ್ಧ ಬೆಂದು ಜಿಗಿ ಬರುತ್ತದೆ. ಅದಕ್ಕೇ ಎಸರು ಹಾಕಿ, ಬಿಸಿ ಇರುವಾಗಲೇ ನಾದಿ, ಕೈಯಲ್ಲಿ ಬಡಿಯೋದು. ಹಿಟ್ಟು ಹಳೆಯದಾದರೆ ಏನು ಮಾಡಿದರೂ ಅಂಚು ಬಿರಿಯುತ್ತದೆ. ಇದನ್ನು ಬರೆದವರು ರೊಟ್ಟಿ ಬಡಿದವರು. ಗೋಧಿ ಹಿಟ್ಟು ಸೇರಿಸಿ ಅಂದವರು ಚಪಾತಿ ಲಟ್ಟಿಸಿದವರು.

ಇನ್ನೊಂದು ಗುರುತು ಹೇಳುತ್ತೇನೆ, ಇದನ್ನು ಯಾರೂ ನೋಡಲ್ಲ. ಯಾವ ಅಡುಗೆ ಪದೇ ಪದೇ ಬರುತ್ತದೆ ಅಂತ ಪರಿವಿಡಿ ನೋಡಿ. ನಮ್ಮ ಕಡೆಯವರು ಬರೆದರೆ ತಂಬುಳಿಗೇ ಪುಟಗಟ್ಟಲೆ ಹೋಗುತ್ತದೆ. ಒಂದೆಲಗ, ದೊಡ್ಡಪತ್ರೆ, ಮೆಂತ್ಯ, ದಾಳಿಂಬೆ ಸಿಪ್ಪೆ, ಬಿಲ್ವದ ಚಿಗುರು. ಹೊರಗಿನವರಿಗೆ ಇವೆಲ್ಲಾ ಒಂದೇ, ಒಂದು ತಂಬುಳಿ ಬರೆದು ಮುಂದೆ ಹೋಗುತ್ತಾರೆ. ನಿಮ್ಮ ಕಡೆ ಪುಸ್ತಕದಲ್ಲಿ ಚಟ್ನಿಪುಡಿಗಳೇ ಸಾಲುಸಾಲಾಗಿ ಇರಬೇಕಲ್ವಾ? ಶೇಂಗಾ, ಗುರೆಳ್ಳು, ಅಗಸಿ, ಪುಟಾಣಿ, ಕೊಬ್ಬರಿ ಬೆಳ್ಳುಳ್ಳಿ. ಚಟ್ನಿಪುಡಿ ಒಂದೇ ಇದ್ದರೆ ವಾಪಸ್ ಇಟ್ಟುಬಿಡಿ.

ಮೊಬೈಲೇ_ಸಾಕು:

ಈಗಿನ ಕಾಲದಲ್ಲಿ ಪುಸ್ತಕ ಯಾಕ್ರೀ? ಯೂಟ್ಯೂಬಲ್ಲಿ ಎಣ್ಣೆಗಾಯಿ ಅಂತ ಹೊಡೀರಿ, ನೂರು ಬರುತ್ತೆ.

ಗುರೆಳ್ಳುಪುಡಿ:

ಬರುತ್ತೆ, ಅದೇ ಕಷ್ಟ. ನೂರರಲ್ಲಿ ನಮ್ಮನೆಯದು ಯಾವುದು ಅಂತ ನೋಡುವಷ್ಟರಲ್ಲಿ ಊಟದ ಹೊತ್ತು ಮುಗಿದಿರುತ್ತದೆ. ಎರಡೂ ಕೈ ಹಿಟ್ಟಾಗಿರುವಾಗ ವೀಡಿಯೊ ಹಿಂದಕ್ಕೆ ಓಡಿಸಲು ಮೂಗಲ್ಲಿ ಒತ್ತಬೇಕು. ಪುಸ್ತಕವಾದರೆ ಬಟ್ಟಲು ಹೇರಿ ತೆರೆದಿಡಬಹುದು.

ಅಪ್ಪೆಹುಳಿ ಅಕ್ಕಾ, ಪರಿವಿಡಿ ಉಪಾಯ ಬಹಳ ಹಿಡಿಸಿತು. ಆ ದಪ್ಪ ಪುಸ್ತಕ ಈಗ ತೆಗೆದು ನೋಡಿದೆ. ಚಟ್ನಿಪುಡಿ ಒಂದೇ ಒಂದು, ಅದೂ ಕಡಲೆಬೇಳೆಯದು.

ರದ್ದಿ_ಅಂಗಡಿ:

ತಂಗಿ, ನಾನು ಧಾರವಾಡದವ. ನೌಕರಿಯಿಂದ ನಿವೃತ್ತಿಯಾಗಿದ್ದೇನೆ. ಹಳೇ ಪುಸ್ತಕ ಕೂಡಿಡುವ ಚಟ. ಮನೆಯವಳಿಗೆ ಅದರ ಮೇಲೆ ಸಿಟ್ಟು, ಅಡುಗೆ ಪುಸ್ತಕ ತಂದಾಗ ಮಾತ್ರ ಸುಮ್ಮನಿರುತ್ತಾಳೆ.

ಕನ್ನಡದಲ್ಲಿ ಅಡುಗೆ ಪುಸ್ತಕ ಯಾವುದು ಅಂತ ಕೇಳಿದರೆ ತಿಳಿದವರೆಲ್ಲ ಮೂರನೇ ಮಂಗರಸನ ಸೂಪಶಾಸ್ತ್ರದ ಹೆಸರು ಹೇಳುತ್ತಾರೆ. 16ನೇ ಶತಮಾನದ ಮೊದಲ ಭಾಗದ್ದು, ಪದ್ಯದಲ್ಲಿದೆ. ಓದಲು ಸೊಗಸು. ಆದರೆ ಇವತ್ತು ರಾತ್ರಿ ಪಲ್ಯಕ್ಕೆ ಏನು ಹಾಕಲಿ ಅಂದರೆ ಅದು ಉಪಯೋಗಕ್ಕೆ ಬರಲ್ಲ. ಯಾರಾದರೂ ಅದನ್ನೇ ನಿಮಗೆ ಹೇಳುವ ಮೊದಲು ನಾನೇ ಹೇಳಿ ಮುಗಿಸಿದೆ.

ನಿಮಗೆ ಬೇಕಾದ ಪುಸ್ತಕ ದೊಡ್ಡ ಅಂಗಡಿಯ ಕಪಾಟಿಗೆ ಬರೋದು ಕಡಿಮೆ. ಅದನ್ನು ಬರೆದವರು ಬಹಳ ಸಲ ಮನೆವಾರ್ತೆಯ ಹೆಣ್ಣುಮಕ್ಕಳು ಅಥವಾ ಮದುವೆ ಅಡುಗೆ ಮಾಡುವವರು. ಊರಿನ ಪ್ರೆಸ್ಸಿನಲ್ಲಿ ಕೆಲವು ನೂರು ಪ್ರತಿ ಅಚ್ಚು ಹಾಕಿಸಿ ಬಳಗದಲ್ಲಿ ಹಂಚುತ್ತಾರೆ. ಮುಗಿದರೆ ಮುಗಿಯಿತು, ಎರಡನೇ ಮುದ್ರಣ ಇಲ್ಲ. ಹಾಗಾಗಿ ಇಂಥವನ್ನು ಹುಡುಕುವ ಜಾಗವೇ ಬೇರೆ. ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಗಳಿಗೆ ಹೋಗಿ. ಜಿಲ್ಲಾ, ತಾಲ್ಲೂಕು ಸಮ್ಮೇಳನಗಳಲ್ಲಿ ಸ್ಥಳೀಯರ ಪುಸ್ತಕ ಇನ್ನೂ ಜಾಸ್ತಿ. ಇಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಬೀಜ, ಟ್ರ್ಯಾಕ್ಟರ್ ನೋಡಲು ಜನ ಮುಗಿಬೀಳುತ್ತಾರೆ. ನಾನು ಮಾತ್ರ ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಮಳಿಗೆಗೆ ಹೋಗಿ ನಿಲ್ಲುತ್ತೇನೆ. ರೊಟ್ಟಿ, ಚಟ್ನಿಪುಡಿ, ಸಂಡಿಗೆ ಮಾರುವವರು ಅವರು. ಅವರ ಹತ್ತಿರ ಪುಸ್ತಕ ಇಲ್ಲದಿದ್ದರೂ ಯಾರ ಹತ್ತಿರ ಇದೆ ಅಂತ ಗೊತ್ತಿರುತ್ತದೆ. ಅವರ ಗುರೆಳ್ಳು ಚಟ್ನಿ ರುಚಿ ನೋಡಿ, ನಿಮ್ಮನೆಯದಕ್ಕೆ ಹತ್ತಿರ ಬಂದರೆ, ನೀವು ಯಾವ ಪುಸ್ತಕ ನೋಡುತ್ತೀರಿ ಅಂತ ಅವರನ್ನೇ ಕೇಳಿ. ನಾಲಿಗೆ ಮೊದಲು, ಪುಸ್ತಕ ಆಮೇಲೆ.

ಮೈಸೂರಲ್ಲಿ ಕೂತೇ ಹುಡುಕಬೇಕಂದರೆ ಆರ್ಕೈವ್ ಡಾಟ್ ಆರ್ಗ್ ಇದೆ. ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನ್ ಅಲ್ಲಿ ರಾಶಿ ಇವೆ, ದುಡ್ಡು ಕೊಡಬೇಕಿಲ್ಲ. ಹುಡುಕುವಾಗ 'ಅಡುಗೆ' ಅಂತಲೂ ಹೊಡೆಯಿರಿ, 'ಅಡಿಗೆ' ಅಂತಲೂ ಹೊಡೆಯಿರಿ. ಹಳಬರು ಎರಡನೆಯದನ್ನೇ ಜಾಸ್ತಿ ಬರೆಯುತ್ತಿದ್ದರು. 'ಪಾಕ' ಅಂತಲೂ ನೋಡಿ. ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಮನಸ್ಸಿಗೆ ಬಂದ ಹಾಗೆ ಬರೆದಿರುತ್ತಾರೆ, ಅದಕ್ಕೂ ಎರಡು ಮೂರು ರೀತಿ ಪ್ರಯತ್ನಿಸಿ.

ಹಳೇ ಪುಸ್ತಕ ಸಿಕ್ಕಿತು ಅಂತ ನೇರ ಒಲೆ ಹಚ್ಚಬೇಡಿ. ಅಳತೆ ನೋಡಿ. ನಮ್ಮಲ್ಲಿ ಗ್ರಾಂ, ಲೀಟರ್ ಬಂದಿದ್ದು 1956ರ ಕಾಯ್ದೆ ಆದ ಮೇಲೆ. ಅಂಗಡಿ ಬೀದಿಗೆ ಇಳಿಯಲು ಇನ್ನೂ ಕೆಲವು ವರ್ಷ ಹಿಡಿಯಿತು. ಅದಕ್ಕಿಂತ ಮೊದಲಿನ ಪುಸ್ತಕದಲ್ಲಿ ಸೇರು, ತೊಲ, ಚಟಾಕು. ಸೇರು ಅಂದರೆ ಯಾವ ಸೇರು? ಪಕ್ಕಾ ಸೇರು 80 ತೊಲ, ಸುಮಾರು 933 ಗ್ರಾಂ. ಹಳೇ ಮೈಸೂರಿನ ಕಚ್ಚಾ ಸೇರು 24 ತೊಲ, 280 ಗ್ರಾಂ ಆಗುತ್ತದೆ. ಮೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಇನ್ನು ಅಕ್ಕಿ, ಬೇಳೆ ಅಳೆಯುವ ಸೇರು ತೂಕದ್ದಲ್ಲ, ಪಾತ್ರೆಯದು. ಮೊದಲ ಪುಟದಲ್ಲಿ ಎಲ್ಲಿ ಅಚ್ಚಾಯಿತು ಅಂತ ನೋಡಿದರೆ ಅರ್ಧ ತಿಳಿಯುತ್ತದೆ. ಧಾರವಾಡ, ವಿಜಾಪುರ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ನಿಮ್ಮ ಇಳಕಲ್ಲೂ ಅಲ್ಲೇ. ಏಕೀಕರಣಕ್ಕಿಂತ ಮೊದಲಿನವರು ಇಡೀ ರಾಜ್ಯದ ಅಡುಗೆ ಅಂತ ಬರೆಯಲು ಹೋಗುತ್ತಿರಲಿಲ್ಲ, ರಾಜ್ಯವೇ ಇರಲಿಲ್ಲವಲ್ಲ! ತಮ್ಮ ಮನೆ, ತಮ್ಮ ಊರು, ತಮ್ಮ ಜಾತಿಯದ್ದು ಬರೆದರು. ನನ್ನಂಥವನಿಗೆ ಹಳೇ ಪುಸ್ತಕ ಹಿಡಿಸೋದು ಅದಕ್ಕೇ.

ತೆಪ್ಪಲ:

ರದ್ದಿ ಅಂಗಡಿ ಸರ್ ಹೇಳಿದ್ದಕ್ಕೆ ನಮ್ಮ ಕರಾವಳಿಯ ಒಂದು ಉದಾಹರಣೆ ಸೇರಿಸುತ್ತೇನೆ. ನಾವು ಚಿತ್ರಾಪುರ ಸಾರಸ್ವತರು. ನಮ್ಮಲ್ಲಿ ಮದುವೆಯಾದ ಹುಡುಗಿಗೆ ರಸಚಂದ್ರಿಕಾ ಕೊಡುವವರು ಇದ್ದಾರೆ. ಮುಂಬೈಯ ಸಾರಸ್ವತ ಮಹಿಳಾ ಸಮಾಜದವರು ಹೊರತಂದ ಪುಸ್ತಕ. ಮೊದಲು ಮರಾಠಿಯಲ್ಲಿತ್ತು, ಆಮೇಲೆ ಇಂಗ್ಲಿಷಿಗೂ ಬಂತು. ಫೋಟೋ ಆಸೆಗೆ ಕೊಂಡರೆ ನಿರಾಸೆ ಆದೀತು. ಆದರೆ ಅಂಬಟ್, ಘಶ್ಶಿ, ಉಪ್ಕರಿ ಎಲ್ಲಾ ಮನೆಯ ದಾರಿಯಲ್ಲೇ ಇವೆ.

ಸಂಘದವರು ಮಾಡಿದ ಪುಸ್ತಕದ ಲಾಭ ಏನೆಂದರೆ, ತಪ್ಪು ಬರೆದರೆ ಬಳಗದ ಹೆಂಗಸರು ಬಿಡಲ್ಲ. ಒಬ್ಬರೇ ಬರೆದ ಪುಸ್ತಕದಲ್ಲಿ ಅವರ ಮನೆಯ ಉಪ್ಪು, ಅವರ ಮನೆಯ ಹುಳಿ. ನಷ್ಟವೂ ಇದೆ. ಓದುವವರಿಗೆ ಎಲ್ಲಾ ಮೊದಲೇ ಗೊತ್ತು ಅಂದುಕೊಂಡು ಬರೆದಿರುತ್ತಾರೆ. ತೆಪ್ಪಲ ಅನ್ನುವ ಮಸಾಲೆ ಕಾಯಿ ಹಾಕಿ ಅಂತ ಇರುತ್ತದೆ. ಅದರ ಒಳಗಿನ ಕರಿ ಬೀಜ ತೆಗೆದು ಸಿಪ್ಪೆ ಮಾತ್ರ ಹಾಕಬೇಕು, ರುಬ್ಬುವಾಗ ಅಲ್ಲ, ಜಜ್ಜಿ ಕೊನೆಗೆ ಹಾಕಬೇಕು ಅಂತ ನಾನು ಅಮ್ಮನಿಂದ ಕೇಳಿಯೇ ಕಲಿತದ್ದು. (ಘಟ್ಟದ ಮೇಲೆ ಇದಕ್ಕೆ ಜುಮ್ಮನಕಾಯಿ ಅನ್ನುತ್ತಾರೆ.)

ಉಡುಪಿ ಮಾಧ್ವ ಅಡುಗೆ ಅಂತ ಪುಸ್ತಕ ನೋಡಿದರೆ ಚಾತುರ್ಮಾಸ್ಯದ ಅಡುಗೆ ಬೇರೆ ಮಾಡಿದ್ದಾರಾ ನೋಡಿ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಅದಕ್ಕೆ ತಕ್ಕ ಸಾರು, ಗೊಜ್ಜು ಬರೆದವರು ಮನೆಯಲ್ಲಿ ಅದನ್ನು ನಡೆಸಿದವರು. ಮಸಾಲೆ ದೋಸೆಯಿಂದ ಶುರುವಾದ ಪುಸ್ತಕ ಹೋಟೆಲಿನದು. ಅದೂ ಕೆಟ್ಟದ್ದಲ್ಲ, ಬೇಕಾದದ್ದು ಬೇರೆ ಅಷ್ಟೇ.

ಸಾವಿರ_ಎಲೆ:

ನಮ್ಮಪ್ಪ ಗದಗ ಕಡೆ ಮದುವೆ ಅಡುಗೆ ಮಾಡಿಸುತ್ತಿದ್ದರು, ಈಗ ನಾನು ನೋಡಿಕೊಳ್ಳುತ್ತೇನೆ. ಅಡುಗೆಯವರು ಬರೆದ ಪುಸ್ತಕ ಸಿಕ್ಕರೆ ಒಂದು ಎಚ್ಚರಿಕೆ. ನಾವು 100 ಜನಕ್ಕೆ, 500 ಜನಕ್ಕೆ ಲೆಕ್ಕ ಹಾಕೋದು. ಅದನ್ನು ಸುಮ್ನೆ ಭಾಗಿಸಿ ನಾಲ್ಕು ಜನಕ್ಕೆ ಇಳಿಸಿದರೆ ಕೆಡುತ್ತದೆ. ದೊಡ್ಡ ಹಂಡೆಯಲ್ಲಿ ನೀರು ನಿಧಾನಕ್ಕೆ ಆರುತ್ತದೆ, ಸಣ್ಣ ಪಾತ್ರೆಯಲ್ಲಿ ಬೇಗ ಆರುತ್ತದೆ. ಹಾಗಾಗಿ ಮನೆಯಲ್ಲಿ ನೀರು ಲೆಕ್ಕಕ್ಕಿಂತ ಜಾಸ್ತಿ ಬೇಕು. ಒಗ್ಗರಣೆ ಎಣ್ಣೆಯೂ ಅಷ್ಟೇ. ನಾಲ್ಕು ಜನದ ಪಲ್ಯಕ್ಕೆ ಭಾಗಿಸಿ ಬಂದ ಎಣ್ಣೆ ಸಾಸಿವೆ ಸಿಡಿಯಲೂ ಸಾಕಾಗಲ್ಲ. ಉಪ್ಪು, ಖಾರ ಮೊದಲು ಮುಕ್ಕಾಲು ಹಾಕಿ, ರುಚಿ ನೋಡಿ ಮುಂದುವರಿಯಿರಿ. ಖಾರವಂತೂ ನಾವು ಮದುವೆಗೆ ಬೇಕಂತಲೇ ಕಮ್ಮಿ ಹಾಕುತ್ತೇವೆ, ಬೀಗರ ಕಡೆಯವರು ಯಾವ ಊರಿನವರೋ ಏನೋ! ಇಳಕಲ್ ಬಾಯಿಗೆ ಅದು ಸಪ್ಪೆ ಅನ್ನಿಸೀತು.

ಗುರೆಳ್ಳುಪುಡಿ:

ಎಲ್ಲರಿಗೂ ಥ್ಯಾಂಕ್ಸ್. ಸರ್, ನೀವು ಹೇಳಿದ ಹಾಗೆ 'ಅಡಿಗೆ' ಅಂತ ಹೊಡೆದು ನೋಡಿದೆ, ಸಾಕಷ್ಟು ಸಿಕ್ಕವು. ಹೆಚ್ಚಿನವು ಹಳೇ ಮೈಸೂರಿನವೇ. ಅತ್ತೆ ಬಂದು ಪಕ್ಕದಲ್ಲಿ ಕೂತರು. ಈಗ ಟ್ಯಾಬ್ ಅವರ ಕೈಯಲ್ಲಿದೆ, ನನಗೆ ವಾಪಸ್ ಬಂದಿಲ್ಲ.

ಒಂದು ಕೇಳಬೇಕಿತ್ತು. ಪುಸ್ತಕ ನಮ್ಮ ಕಡೆಯದೇ ಸಿಕ್ಕರೂ ಬರೆದವರ ಮನೆಯ ಉಪ್ಪು ಖಾರ ನಮ್ಮ ಮನೆಯದಕ್ಕೆ ಹೊಂದಬೇಕಲ್ಲ. ಅದನ್ನು ಹೇಗೆ ಸರಿಮಾಡಿಕೊಳ್ಳೋದು? ಪ್ರತಿ ಅಡುಗೆಗೂ ಹೊಸದಾಗಿ ಪರದಾಡಬೇಕಾ?

ಅಪ್ಪೆಹುಳಿ:

ಬೇಡ. ಬರೆಯುವವರ ಕೈ ಪುಸ್ತಕದುದ್ದಕ್ಕೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಒಂದು ಸಾರು, ಒಂದು ಪಲ್ಯ, ಒಂದು ಚಟ್ನಿ ಅವರು ಬರೆದ ಹಾಗೇ, ಒಂದಿಷ್ಟೂ ಬದಲಿಸದೆ ಮಾಡಿ. ಉಪ್ಪು ಅವರದು ಜಾಸ್ತಿಯಾ, ಹುಳಿ ಕಮ್ಮಿಯಾ ಅಂತ ಮೊದಲ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಿ. ಮುಂದೆ ಎಲ್ಲಾ ಅಡುಗೆಗೂ ಅದೇ ಲೆಕ್ಕ. ನನ್ನ ಒಂದು ಪುಸ್ತಕದ ಮೇಲೆ "ಬೆಲ್ಲ ಅರ್ಧ, ಇಂಗು ಎರಡರಷ್ಟು" ಅಂತಿದೆ.

ಅವ್ವನ ಅಡುಗೆಗೂ ಒಂದು ದಾರಿ ಇದೆ. ಎಷ್ಟು ಹಾಕಬೇಕು ಅಂತ ಅವರನ್ನು ಕೇಳಲೇಬೇಡಿ. ಅವರು ಅಡುಗೆ ಶುರುಮಾಡುವ ಮೊದಲು ಖಾರದ ಡಬ್ಬಿ, ಉಪ್ಪಿನ ಭರಣಿ, ಗುರೆಳ್ಳು ಪುಡಿ, ಎಣ್ಣೆ ಪಾತ್ರೆ ಒಂದೊಂದನ್ನೂ ಅಡುಗೆ ಮನೆಯ ಸಣ್ಣ ತಕ್ಕಡಿ ಮೇಲಿಟ್ಟು ತೂಕ ಬರೆದುಕೊಳ್ಳಿ. ಅವರ ಪಾಡಿಗೆ ಅವರು ಹಾಕಲಿ. ಮುಗಿದ ಮೇಲೆ ಮತ್ತೆ ತೂಗಿ. ಕಮ್ಮಿಯಾದದ್ದೇ ಅವರ ಕೈ ಅಳತೆ. ಬದನೆಕಾಯಿ ಎಷ್ಟಿತ್ತು ಅನ್ನೋದನ್ನೂ ಬರೆದುಕೊಳ್ಳಿ, ಇಲ್ಲದಿದ್ದರೆ ಲೆಕ್ಕಕ್ಕೆ ಅರ್ಥ ಇರಲ್ಲ. ನಮ್ಮ ದೊಡ್ಡಮ್ಮನ ಅಪ್ಪೆಹುಳಿಯ ಲೆಕ್ಕ ನಾನು ಹೀಗೇ ಹಿಡಿದದ್ದು.

ಗುರೆಳ್ಳುಪುಡಿ:

ಅಕ್ಕಾ! ಪಂಚಮಿಗೆ ತವರಿಗೆ ಹೋಗುತ್ತಿದ್ದೇನೆ. ತಕ್ಕಡಿ ಈಗಲೇ ಬ್ಯಾಗಿಗೆ ಹಾಕಿದೆ. ಅವ್ವ ಬೈದರೆ ನಿಮ್ಮ ಹೆಸರು ಹೇಳುತ್ತೇನೆ.